ಪಾಠದ ಕೋಣೆಯೂ ಯಂತ್ರೋಪಕರಣಗಳೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸೇರಿದ್ದ ಉಪಾಧ್ಯಾಯರ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಈ ವಿಷಯವು ನನ್ನ ಪಾಲಿಗೆ ಬಂದುದನ್ನು ಕಂಡು ಕೆಲವರು ಮುಗುಳ್ನಗುತ್ತಿರುವುದನ್ನು ನಾನು ಬಲ್ಲೆನು. ತರ್ಕವನ್ನೂ ವ್ಯಾಕರಣವನ್ನೂ ಗುರುಮುಖದಿಂದ ಓದಿ, ಅವನ್ನೇ ಮೂವತ್ತು ವರ್ಷಗಳಿಂದ ಚಾಪೆಯ ಮೇಲೆ ಕುಳಿತು ಹೇಳಿಕೊಡುತ್ತಿರುವ ಪಾಠಶಾಲೆಯ ಪಂಡಿತನಿಗೆ ಬೆಳಕಿನ ಹಲಗೆಗಳ ಗೊಡವೆ ಏಕೆಂದು ಅವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅಹುದು. ಆದರೆ ವಿದ್ಯಾಸಂಘದವರು ಯಂತ್ರದ ಒಳಗನ್ನು ವಿವರಿಸೆಂದು ನನ್ನನ್ನು ಕರೆಯಲಿಲ್ಲ. ಯಂತ್ರವನ್ನು ಕೊಳ್ಳುವುದಕ್ಕೆ ಮೊದಲು ಏನನ್ನು ಕೇಳಬೇಕೆಂಬುದನ್ನು ಹೇಳೆಂದು ಕರೆದಿದ್ದಾರೆ. ಕೇಳುವ ಕ್ರಮವು ತರ್ಕ ಓದಿದವನಿಗೆ ಸಲ್ಲತಕ್ಕದ್ದಾದುದರಿಂದ ಒಪ್ಪಿಕೊಂಡೆನು.

ಪ್ರಸಂಗವು ನಿಮಗೆಲ್ಲ ತಿಳಿದೇ ಇದೆ. ಮಹೋತ್ಸವದ ನಿಮಿತ್ತ ಭಕ್ತರು ಶಾಲೆಗಳಿಗೆಂದು ಕೊಟ್ಟ ಕಾಣಿಕೆಯ ಹಣವು ಕೂಡಿದೆ. ಕೋಣೆಕೋಣೆಗೂ ಸ್ಮಾರ್ಟ್ ಬೋರ್ಡು ಬೇಕೆಂದು ಕೆಲವರೂ, ಮಕ್ಕಳ ಕೈಗೆ ಟ್ಯಾಬ್ಲೆಟ್ಟು ಕೊಡಬೇಕೆಂದು ಕೆಲವರೂ, ಎರಡೂ ಬೇಡ, ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸಿರೆಂದು ಇನ್ನು ಕೆಲವರೂ ವಾದಿಸುತ್ತಿದ್ದಾರೆ. ಆ ಹಣವನ್ನು ಕೊಟ್ಟವರಲ್ಲಿ ವ್ಯಾಪಾರಸ್ಥರೂ ಇದ್ದಾರೆ. ಜೋಳದ ರಾಶಿಯಾದ ಮೇಲೆ ಕೈಯಲ್ಲಿ ಉಳಿದಷ್ಟನ್ನು ತಂದಿಟ್ಟ ಒಕ್ಕಲುಮಕ್ಕಳೂ ಇದ್ದಾರೆ. ಇಂಥ ಮೊತ್ತವು ಶಾಲೆಗೆ ಮೇಲಿಂದ ಮೇಲೆ ಬರುವುದಿಲ್ಲ. ಅದು ಮೂರು ವರ್ಷಗಳಲ್ಲಿ ಧೂಳು ಹಿಡಿದು ಮೂಲೆ ಸೇರುವ ಸಾಮಾನಾದರೆ, ನಾವು ದಾಸೋಹದ ಅಕ್ಕಿಯನ್ನು ನೆಲಕ್ಕೆ ಚೆಲ್ಲಿದಂತೆಯೇ ಸರಿ.

ಕಾರಣವಿಚಾರವನ್ನು ಮಾಡುವಾಗ ನಮ್ಮ ನೈಯಾಯಿಕರು ಗಡಿಗೆಯ ದೃಷ್ಟಾಂತವನ್ನು ಹೇಳುವುದುಂಟು. ಗಡಿಗೆಗೆ ಮಣ್ಣು ಬೇಕು, ಚಕ್ರ ಬೇಕು, ಚಕ್ರವನ್ನು ತಿರುಗಿಸುವ ಕೋಲು ಬೇಕು, ಕುಂಬಾರನು ಬೇಕು. ಮಣ್ಣನ್ನು ಹೊತ್ತು ತಂದ ಕತ್ತೆಯೂ ಅಲ್ಲಿಯೇ ನಿಂತಿರುತ್ತದೆ. ಆದರೆ ಅದನ್ನು ಯಾರೂ ಗಡಿಗೆಗೆ ಕಾರಣವೆಂದು ಎಣಿಸರು. ಕತ್ತೆಯಿಲ್ಲದಿದ್ದರೆ ಮಣ್ಣು ಬಂಡಿಯಲ್ಲಿ ಬಂದೀತು, ಗಡಿಗೆಗೆ ಊನವೇನೂ ಇಲ್ಲ. ಇಂಥದನ್ನು ಅನ್ಯಥಾಸಿದ್ಧವೆಂದು ಕರೆದರು. ಶಾಲೆಗೆ ಬರುವ ಪ್ರತಿಯೊಂದು ಉಪಕರಣವನ್ನೂ ಬಾಗಿಲಲ್ಲಿ ನಿಲ್ಲಿಸಿ ಕೇಳತಕ್ಕ ಮೊದಲನೆಯ ಪ್ರಶ್ನೆ ಇದೇ: ನೀನು ಕೋಲೋ, ಕತ್ತೆಯೋ? ನಿನ್ನನ್ನು ತೆಗೆದರೆ ವಿದ್ಯಾರ್ಥಿಯ ಕಲಿಕೆಯಲ್ಲಿ ಏನಾದರೂ ಕುಂದುಂಟಾಗುವುದೋ, ಅಥವಾ ನೀನು ಕೇವಲ ಹತ್ತಿರದಲ್ಲಿ ನಿಂತಿರುವೆಯೋ? ಕೋಲೆಂದೇ ಸಿದ್ಧವಾದರೂ ಅದು ಕುಂಬಾರನ ಕೈಯಲ್ಲಿರಬೇಕೆಂಬುದು ಎರಡನೆಯ ಮಾತು. ಕರ್ತೃವು ಸ್ವತಂತ್ರನು, ಕರಣವು ಅವನಿಗೆ ಅಧೀನವಾದುದು.

ಉಪಕರಣಗಳೆಂದರೆ ಇಂದಿನವುಗಳೆಂದು ತಿಳಿಯಬಾರದು. ನಮ್ಮ ಅಜ್ಜಂದಿರು ಐಗಳ ಮಠಗಳಲ್ಲಿ ಕಲಿಯುತ್ತಿದ್ದಾಗ ನೆಲದ ಮೇಲೆ ಹರಡಿದ ಮರಳೇ ಅವರ ಮೊದಲನೆಯ ಪುಸ್ತಕವಾಗಿದ್ದಿತು. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು ಆ ಜಿಲ್ಲೆಯ ಶಾಲೆಗಳನ್ನು ಎಣಿಸಿ ಮದರಾಸಿನ ಸರಕಾರಕ್ಕೆ ವರದಿಯನ್ನು ಬರೆದನು. ಶಾಲೆಗಳು 533, ವಿದ್ಯಾರ್ಥಿಗಳು 6,641. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು, ಆಮೇಲೆ ಹಲಗೆಗೂ ಕಡತಕ್ಕೂ ಹೋಗುತ್ತಿದ್ದರೆಂದು ಅವನು ವರ್ಣಿಸಿದ್ದಾನೆ. ಹಲಗೆಯು ಸುಮಾರು ಒಂದಡಿ ಅಗಲ, ಮೂರಡಿ ಉದ್ದ. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿದರೆ ಸಿದ್ಧ. ಕಡತವು ಗಂಜಿ ಹಾಕಿ ಬಿರುಸುಮಾಡಿದ ಬಟ್ಟೆ, ಪುಸ್ತಕದಂತೆ ಮಡಿಸಿ ಅಂಟು ಮತ್ತು ಇದ್ದಲನ್ನು ಲೇಪಿಸಿದುದು. ಬಳಪದಿಂದ ಬರೆಯುವುದು, ಒದ್ದೆಯ ಬಟ್ಟೆಯಿಂದ ಒರಸುವುದು. ಮುಂದುವರಿದ ಹುಡುಗನು ಹಿಂದಿದ್ದವನಿಗೆ ಹೇಳಿಕೊಟ್ಟು ತನ್ನ ತಿಳಿವಳಿಕೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದನು. ಈ ಎರಡು ಕ್ರಮಗಳನ್ನೂ ಕಲೆಕ್ಟರನು ಹೊಗಳಿ, ಇಂಗ್ಲೆಂಡಿನವರು ಇವನ್ನು ಅನುಸರಿಸಿದುದು ಯೋಗ್ಯವೇ ಆಯಿತೆಂದಿದ್ದಾನೆ.

ಇಂಗ್ಲೆಂಡಿನವರು ಅನುಸರಿಸಿದುದು ಹೇಗೆಂದರೆ, ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದು, 1797ರಲ್ಲಿ ತನ್ನ ನಾಡಿನಲ್ಲಿ ಪುಸ್ತಕವನ್ನು ಅಚ್ಚುಮಾಡಿಸಿದನು. ಲಂಡನ್ನಿನ ಬಡಮಕ್ಕಳು ಮರಳಿನ ತಟ್ಟೆಗಳಲ್ಲಿ ಅಕ್ಷರ ತಿದ್ದಿದರು. ಆ ಪದ್ಧತಿಗೆ ಅಲ್ಲಿ ಮದರಾಸು ಪದ್ಧತಿಯೆಂಬ ಹೆಸರೇ ಬಂದಿತು. ಉಪಕರಣವು ಪಡುವಣದಿಂದ ಮೂಡಣಕ್ಕೆ ಬರುವುದೇ ನಿಯಮವೆಂದು ತಿಳಿದಿರುವ ನಮ್ಮ ತರುಣ ಮಿತ್ರರು ಇದನ್ನು ಮನಸ್ಸಿನಲ್ಲಿಡಬೇಕು.

ಮರಳಿನಲ್ಲಿ ಅಂಥ ಗುಣವೇನಿದ್ದಿತು? ಅದು ಪ್ರತಿಯೊಬ್ಬ ಮಗುವಿನ ಮುಂದೆಯೂ ಇದ್ದಿತು. ಮಗುವಿನ ಬೆರಳು ಎಲ್ಲಿ ತಪ್ಪಿತೆಂಬುದು ಐಗಳಿಗೆ ಆ ಕ್ಷಣದಲ್ಲಿಯೇ ಕಾಣುತ್ತಿದ್ದಿತು. ತಪ್ಪನ್ನು ಅಂಗೈಯಿಂದ ಒರಸಿಬಿಟ್ಟರೆ ಅದರ ಗುರುತೂ ಉಳಿಯದು; ಆದುದರಿಂದ ಮಗುವು ತಪ್ಪುವುದಕ್ಕೆ ಹೆದರುತ್ತಿರಲಿಲ್ಲ. ಕೆಟ್ಟರೆ ರಿಪೇರಿ ಬೇಡ, ಹಳ್ಳದಲ್ಲಿ ಇನ್ನೊಂದು ಬುಟ್ಟಿ ಮರಳಿದೆ. ಇಷ್ಟಾದರೂ ಆ ವರದಿಯಲ್ಲಿಯೇ ಕಲೆಕ್ಟರನು ಆ ಶಾಲೆಗಳ ಮುಖ್ಯ ದೋಷಗಳನ್ನೂ ಹೇಳಿದ್ದಾನೆ: ಓದಿಸುವ ಪುಸ್ತಕಗಳು ತಕ್ಕವಲ್ಲ, ಅವುಗಳ ಅರ್ಥವು ಹೇಳುವವರಿಗೇ ಆಗದು, ಸಮರ್ಥರಾದ ಉಪಾಧ್ಯಾಯರ ಕೊರತೆ ಬಹಳ. ನಮ್ಮ ಹಳೆಯ ಕ್ರಮವನ್ನು ಹೊಗಳುವವರು ಈ ಅರ್ಧವನ್ನು ಬಿಟ್ಟುಬಿಡುವರು, ನಾನು ಬಿಡಲಾರೆನು. ಉಪಕರಣವು ಪರಿಪೂರ್ಣವಾಗಿದ್ದಿತು, ಆದರೂ ಕಲಿಕೆಯು ಬಾಯಿಪಾಠದಲ್ಲಿಯೇ ನಿಂತಿತು. ಉಪಾಧ್ಯಾಯನ ಕೊರತೆಯನ್ನು ಮರಳು ತುಂಬಲಿಲ್ಲ. ಬೆಳಕಿನ ಹಲಗೆಯೂ ತುಂಬಲಾರದು.

ಆಮೇಲೆ ಗೋಡೆಯ ಕರಿಹಲಗೆ ಬಂದಿತು. ಅದರ ವಿಷಯದಲ್ಲಿ ಒಂದೇ ಮಾತು. ಭಾರತ ಸರಕಾರವು 1987ರಲ್ಲಿ ಆಪರೇಷನ್ ಬ್ಲಾಕ್‌ಬೋರ್ಡ್ ಎಂಬ ಯೋಜನೆಯನ್ನು ಆರಂಭಿಸಿದಾಗ, ಹೆಸರು ಹಲಗೆಯದಾದರೂ, ಪ್ರಾಥಮಿಕ ಶಾಲೆಗೆ ಕಡೆಯಪಕ್ಷ ಎರಡು ಕೋಣೆ, ಇಬ್ಬರು ಉಪಾಧ್ಯಾಯರು, ಅವಶ್ಯವಾದ ಪಾಠೋಪಕರಣಗಳು, ಈ ಮೂರನ್ನೂ ಕೂಡಿಯೇ ಕೇಳಿತು. ಹಲಗೆಯೊಂದೇ ಬಂದರೆ ಸಾಲದೆಂಬ ವಿವೇಕವು ಅದರಲ್ಲಿದ್ದಿತು.

ಹಲಗೆಗಿಂತ ಹೆಚ್ಚಿನ ಆಸೆಯನ್ನು ಹುಟ್ಟಿಸಿದುದು ಚಲಿಸುವ ಚಿತ್ರ. ಅಮೆರಿಕೆಯ ಎಡಿಸನ್ನನು 1913ರಲ್ಲಿಯೇ, ಶಾಲೆಗಳಲ್ಲಿ ಪುಸ್ತಕಗಳ ಕಾಲವು ಬೇಗನೆ ಮುಗಿಯುವುದೆಂದೂ ಚಿತ್ರಗಳಿಂದಲೇ ಎಲ್ಲವನ್ನೂ ಕಲಿಸಬಹುದೆಂದೂ ಭವಿಷ್ಯ ನುಡಿದನು. ನೂರು ವರ್ಷಗಳು ಮೀರಿದುವು. ಪುಸ್ತಕದ ಚೀಲವು ಇನ್ನೂ ಮಕ್ಕಳ ಬೆನ್ನಿನ ಮೇಲಿದೆ. ನಮ್ಮ ಕಡೆಯ ಹಿರಿಯರಿಗೆ ಇನ್ನೊಂದು ನೆನಪಿರಬಹುದು. 1975ನೆಯ ಆಗಸ್ಟ್ 1ರಿಂದ ಒಂದು ವರ್ಷದವರೆಗೆ, ಅಮೆರಿಕೆಯವರು ಎರವಲು ಕೊಟ್ಟ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದುವು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದುವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ ಕನ್ನಡದಲ್ಲಿಯೇ ಕಾರ್ಯಕ್ರಮ. ಎಂದೂ ಚಲಚ್ಚಿತ್ರವನ್ನೇ ಕಾಣದ ಹಳ್ಳಿಗೆ ಅದು ಸಾಮಾನ್ಯವಾದ ಸಂಗತಿಯಲ್ಲ. ಆದರೆ ಆಕಾಶದಿಂದ ಬರುವ ಪಾಠವು ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ಹೋಗುವುದು. ಹಿಂದಿನ ಸಾಲಿನ ಹುಡುಗನಿಗೆ ತಿಳಿಯಲಿಲ್ಲವೆಂದು ಉಪಾಧ್ಯಾಯನು ಅದನ್ನು ತಡೆಯಲಾರನು, ಇನ್ನೊಮ್ಮೆ ಹೇಳೆನ್ನಲಾರನು. ಆ ವರ್ಷದ ಕೆಲಸದಲ್ಲಿ ನನ್ನ ಬುದ್ಧಿಗೆ ಮಿಗಿಲಾಗಿ ತೋರುವುದು ಬೇರೊಂದು: ರಜೆಯ ದಿನಗಳಲ್ಲಿ ಅದೇ ಸಾಧನದಿಂದ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರಿಗೇ ವಿಜ್ಞಾನವನ್ನು ಕಲಿಸುವ ತರಬೇತಿಯನ್ನು ಕೊಟ್ಟರು. ಅಲ್ಲಿ ಕೋಲು ಕುಂಬಾರನ ಕೈಗೆ ಹೋಯಿತು.

ರೇಡಿಯೋ ಬಡವರ ಸಾಧನವೆಂದು ಈಗ ಯಾರೂ ಅದರ ಕಡೆ ನೋಡುವುದಿಲ್ಲ. ಆದರೆ 1974ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾ ಎಂಬ ಚಿಕ್ಕ ದೇಶದಲ್ಲಿ ಆರಂಭವಾದ ಗಣಿತದ ರೇಡಿಯೋ ಪಾಠಗಳು ಬಹಳ ಜಾಣತನದವು. ಧ್ವನಿಯು ಪ್ರಶ್ನೆಯನ್ನು ಕೇಳಿ ಸುಮ್ಮನಾಗುತ್ತಿದ್ದಿತು. ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಬೇಕು ಅಥವಾ ಬರೆಯಬೇಕು. ಆಮೇಲೆ ಧ್ವನಿಯು ಸರಿಯುತ್ತರವನ್ನು ಹೇಳುತ್ತಿದ್ದಿತು. ಸಾಧಾರಣ ಶಾಲೆಗಳ ಮಕ್ಕಳಿಗಿಂತ ಆ ಮಕ್ಕಳು ಲೆಕ್ಕದಲ್ಲಿ ಮುಂದಾದರು. ಈ ಶತಮಾನದ ಆರಂಭದಲ್ಲಿ ನಮ್ಮ ಆಕಾಶವಾಣಿಯಿಂದ ಬಂದ ‘ಚುಕ್ಕಿ ಚಿನ್ನ’ ಮೊದಲಾದ ಶಾಲಾ ಕಾರ್ಯಕ್ರಮಗಳೂ ಈ ಮಾರ್ಗದವೇ. ಮಗುವಿನ ಬಾಯಿಯನ್ನು ತೆರೆಯಿಸುವುದಕ್ಕಾಗಿ ಯಂತ್ರವು ತನ್ನ ಬಾಯಿಯನ್ನು ಮುಚ್ಚಿತು. ಇಂದಿನ ಬಣ್ಣಬಣ್ಣದ ಪಾಠಗಳಲ್ಲಿ ಎಷ್ಟಕ್ಕೆ ಈ ಮೌನವು ಬರುತ್ತದೆಂದು ನೀವೇ ನೋಡಿರಿ.

ಕೆಲವು ತಿಂಗಳ ಹಿಂದೆ ಇಂಥ ಪಾಠಗಳನ್ನು ಮಾರುವವರೊಬ್ಬರು ನಮ್ಮ ಪ್ರೌಢಶಾಲೆಗೆ ಬಂದು ತಮ್ಮ ಹಲಗೆಯನ್ನು ತೋರಿಸಿದರು. ಹೃದಯದ ಚಿತ್ರವು ತೆರೆಯ ಮೇಲೆ ತಿರುಗಿತು, ಕೆಂಪು ನೀಲಿ ರಕ್ತವು ಹರಿಯಿತು, ಗಂಭೀರವಾದ ಕಂಠವು ವಿವರಿಸಿತು. ಮಕ್ಕಳು ಬೆರಗಾಗಿ ಕುಳಿತಿದ್ದರು. ನಾನೂ ಬೆರಗಾದೆನು, ಸುಳ್ಳೇಕೆ ಹೇಳಲಿ? ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, ‘ರಕ್ತವು ನಿಜವಾಗಿ ನೀಲಿಯೋ, ಚಿತ್ರದಲ್ಲಿ ಮಾತ್ರವೋ?’ ಎಂದು ಕೇಳಿದಳು. ಕಂಠವು ತನ್ನ ಪಾಡಿಗೆ ಮುಂದಿನ ಅಧ್ಯಾಯಕ್ಕೆ ಹೋಯಿತು. ತಂದವರು, ಪ್ರಶ್ನೆಗಳು ಕಡೆಯಲ್ಲಿ ಎಂದರು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಆ ಮಗುವನ್ನು ಹತ್ತಿರಕ್ಕೆ ಕರೆದು, ಅಶುದ್ಧರಕ್ತವೂ ಕೆಂಪೇ, ಸ್ವಲ್ಪ ಕಪ್ಪು ಕೆಂಪು, ನೀಲಿಯು ಚಿತ್ರಕಾರರ ಸಂಕೇತವೆಂದು ಮೆಲ್ಲನೆ ಹೇಳಿದರು. ಆ ದಿನ ಆ ಕೋಣೆಯಲ್ಲಿ ಪಾಠವಾದುದು ಅಷ್ಟೇ ಎಂದು ನನಗೆ ತೋರುತ್ತದೆ. ಆ ಚಿತ್ರವನ್ನೇ ಉಪಾಧ್ಯಾಯಿನಿಯವರು ತಮಗೆ ಬೇಕಾದಲ್ಲಿ ನಿಲ್ಲಿಸಿ, ತಮ್ಮ ಮಾತಿನಿಂದ ತೋರಿಸುವಂತಿದ್ದರೆ ಅದು ಉತ್ತಮವಾದ ಸಾಧನವೇ ಆಗುತ್ತಿದ್ದಿತು.

ಹಣವು ಹೆಚ್ಚಾದರೆ ಫಲವು ಹೆಚ್ಚಾಗುವುದೆಂಬ ಭ್ರಮೆಯನ್ನು ದೊಡ್ಡ ದೇಶಗಳೇ ಅನುಭವಿಸಿ ನೋಡಿವೆ. ದಕ್ಷಿಣ ಅಮೆರಿಕದ ಪೆರು ದೇಶವು ಮಗುವಿಗೊಂದರಂತೆ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪುಗಳನ್ನು ಹಂಚಿತು. ಮುನ್ನೂರಕ್ಕೂ ಮೇಲ್ಪಟ್ಟ ಹಳ್ಳಿಯ ಶಾಲೆಗಳಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಹೆಚ್ಚಳವು ಕಾಣಲಿಲ್ಲ. ಅಮೆರಿಕೆಯ ಲಾಸ್ ಏಂಜಲಿಸ್ ನಗರದವರು 2013ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡುಗಳನ್ನು ಕೊಡಲು ನೂರಮೂವತ್ತು ಕೋಟಿ ಡಾಲರುಗಳ ಯೋಜನೆಯನ್ನು ಹೂಡಿದರು. ಅದರೊಳಗಿನ ಪಾಠಗಳು ಕೊಂಡಾಗ ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ. ಮಕ್ಕಳು ಕೆಲವೇ ದಿನಗಳಲ್ಲಿ ಅದರ ಬೀಗಗಳನ್ನು ತೆಗೆದು ಬೇಕಾದುದನ್ನು ನೋಡತೊಡಗಿದರು. ಮರುವರ್ಷವೇ ಆ ಕರಾರನ್ನು ನಿಲ್ಲಿಸಬೇಕಾಯಿತು. ಯುನೆಸ್ಕೋ ಸಂಸ್ಥೆಯು 2023ರ ತನ್ನ ವರದಿಯಲ್ಲಿ ಹೇಳುವಂತೆ, ಅಮೆರಿಕೆಯ 17 ಸಂಸ್ಥಾನಗಳಲ್ಲಿ ವಿಚಾರಿಸಿದಾಗ, ಕೊಳ್ಳುವ ಮೊದಲು ವಿದ್ವಾಂಸರು ಪರಿಶೀಲಿಸಿದ ಪ್ರಮಾಣವನ್ನು ಕೇಳಿದ ಉಪಾಧ್ಯಾಯರೂ ಅಧಿಕಾರಿಗಳೂ ನೂರಕ್ಕೆ 11 ಮಂದಿ ಮಾತ್ರ. ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವ ನಾವು ಇಲ್ಲಿ ಏಕೆ ನೋಡಬಾರದು?

ಇಷ್ಟರಿಂದ ಯಂತ್ರವೇ ಬೇಡವೆಂದು ನಾನು ಹೇಳುವೆನೆಂದು ಎಣಿಸಬಾರದು. ನನ್ನ ಮಾತಿನ ಮುಖ್ಯಭಾಗವು ಈಗ ಬರುತ್ತದೆ. ಗುಜರಾತಿನಲ್ಲಿ ಲೀ ಲಿಂಡನ್ ಎಂಬ ವಿದ್ವಾಂಸನು ನಡೆಸಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ವಿದ್ಯಾಸಂಘದವರು ಎರಡು ಸಲ ಓದಬೇಕು. ಗಣಿತದ ಅಭ್ಯಾಸಕ್ಕಾಗಿ ಮಾಡಿದ ಕಂಪ್ಯೂಟರಿನ ಪಾಠವೊಂದನ್ನು ಬಡಮಕ್ಕಳ ಶಾಲೆಗಳಲ್ಲಿ ಎರಡು ವಿಧವಾಗಿ ನಡೆಸಿದರು. ಒಂದು ಕಡೆ ಉಪಾಧ್ಯಾಯರು ಪಾಠ ಹೇಳುವ ಅವಧಿಯನ್ನೇ ತೆಗೆದು ಅಲ್ಲಿ ಕಂಪ್ಯೂಟರನ್ನು ಇಟ್ಟರು. ಇನ್ನೊಂದು ಕಡೆ ಶಾಲೆಯ ಅವಧಿಯ ಹೊರಗೆ ಹೆಚ್ಚಿನ ಅಭ್ಯಾಸವಾಗಿ ಕೊಟ್ಟರು. ಮೊದಲನೆಯ ವಿಧದಲ್ಲಿ ಮಕ್ಕಳು, ಕಂಪ್ಯೂಟರೇ ಇಲ್ಲದ ಮಕ್ಕಳಿಗಿಂತಲೂ ಕಡಿಮೆ ಕಲಿತರು. ಎರಡನೆಯದರಲ್ಲಿ ಹೆಚ್ಚು ಕಲಿತರು, ಅದರಲ್ಲಿಯೂ ಹಿಂದುಳಿದವರಿಗೆ ಹೆಚ್ಚಿನ ಲಾಭವಾಯಿತು. ಸಾಧನವು ಒಂದೇ. ಚೆನ್ನಾಗಿ ಹೇಳುತ್ತಿದ್ದ ಉಪಾಧ್ಯಾಯನ ಜಾಗದಲ್ಲಿ ಕುಳಿತಾಗ ಅದು ನಷ್ಟವನ್ನು ಮಾಡಿತು; ಅವನ ಪಕ್ಕದಲ್ಲಿ ನಿಂತಾಗ ಲಾಭವನ್ನು ತಂದಿತು.

ದೆಹಲಿಯಲ್ಲಿ 2015ರಲ್ಲಿ ನಡೆದ ಇನ್ನೊಂದು ಪರೀಕ್ಷೆಯು ಕಾರಣವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದಿದ್ದರು. ಒಂದೇ ಕೋಣೆಯಲ್ಲಿ ಐದಾರು ತರಗತಿಗಳ ಅಂತರದ ಮಕ್ಕಳು ಕುಳಿತಿದ್ದರು. ಪುಸ್ತಕವು ಆರನೆಯದು, ಉಪಾಧ್ಯಾಯನು ಹೇಳುವುದು ಆರನೆಯದು, ಮಗುವಿನ ಬುದ್ಧಿಯು ನಿಂತಿರುವುದು ಮೂರನೆಯದರಲ್ಲಿ. ನಮ್ಮ ಶಾಸ್ತ್ರಗಳು ಅಧಿಕಾರಿಭೇದವೆಂದು ಯಾವುದನ್ನು ಕರೆದುವೋ ಅದೇ ಇದು. ಪಾಠಶಾಲೆಯಲ್ಲಿ ಎಂಟು ಮಂದಿ ಶಿಷ್ಯರಿರುವ ನನಗೆ ಈ ಭೇದವನ್ನು ನೋಡಿ ಪಾಠ ಹೇಳುವುದು ಕಷ್ಟವಲ್ಲ. ಅರುವತ್ತು ಮಕ್ಕಳನ್ನು ಎದುರಿಗಿಟ್ಟುಕೊಂಡು ನಿಲ್ಲುವ ನಿಮಗೆ ಅದು ಎಂಥ ಭಾರವೆಂಬುದನ್ನು ನಾನು ಬಲ್ಲೆನು. ಆ ಪರೀಕ್ಷೆಯಲ್ಲಿ ಚೀಟಿಯೆತ್ತಿ ಆರಿಸಿದ ಮಕ್ಕಳಿಗೆ ಶಾಲೆಯ ಅವಧಿಯ ಹೊರಗೆ, ಪ್ರತಿಯೊಬ್ಬನೂ ನಿಂತ ಮೆಟ್ಟಿಲನ್ನು ಗುರುತಿಸಿ ಅಲ್ಲಿಂದಲೇ ಪ್ರಶ್ನೆಗಳನ್ನು ಕೇಳುವ ಕಂಪ್ಯೂಟರಿನ ಅಭ್ಯಾಸವೂ, ಚಿಕ್ಕ ಗುಂಪುಗಳಲ್ಲಿ ಬೋಧಕನ ಸಹಾಯವೂ ದೊರಕಿದುವು. ನಾಲ್ಕೂವರೆ ತಿಂಗಳಲ್ಲಿ ಅವರು ಗಣಿತದಲ್ಲಿಯೂ ಹಿಂದಿಯಲ್ಲಿಯೂ ಇತರರಿಗಿಂತ ಗಣ್ಯವಾಗಿ ಮುಂದಾದರು. ಬೇರೆ ಬೇರೆ ಮೆಟ್ಟಿಲುಗಳಲ್ಲಿ ನಿಂತ ಅರುವತ್ತು ಮಂದಿಯನ್ನು ಏಕಕಾಲಕ್ಕೆ ಕಾಣುವುದು ಮನುಷ್ಯನಿಗೆ ಕಷ್ಟ, ಯಂತ್ರಕ್ಕೆ ಸುಲಭ. ಕೋಲಿನ ಕೆಲಸವೆಂದರೆ ಇದು. ಹೃದಯವನ್ನು ತಿರುಗಿಸಿ ತೋರಿಸುವುದಕ್ಕಿಂತ ಇದಕ್ಕಾಗಿ ಹಣವನ್ನು ಕೊಡುವುದು ಮೇಲೆಂದು ನನ್ನ ಅಭಿಪ್ರಾಯ.

ಕೇಳಿದ ಪ್ರಶ್ನೆಗೆಲ್ಲ ಉತ್ತರವನ್ನು ಬರೆದುಕೊಡುವ ಕೃತಕಬುದ್ಧಿಯ ಯಂತ್ರವು ಈಗ ಮಕ್ಕಳ ಮನೆಯ ಫೋನಿನಲ್ಲಿಯೇ ಇದೆ. ಟರ್ಕಿ ದೇಶದಲ್ಲಿ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವನ್ನು ಕೇಳಿರಿ. ಗಣಿತದ ಅಭ್ಯಾಸದಲ್ಲಿ ಅದನ್ನು ಬಳಸಿದವರು ಆ ಹೊತ್ತಿಗೆ ಶೇಕಡಾ 48ರಷ್ಟು ಚೆನ್ನಾಗಿ ಮಾಡಿದರು. ಅದನ್ನು ತೆಗೆದು ಪರೀಕ್ಷೆಗೆ ಕುಳ್ಳಿರಿಸಿದಾಗ, ಎಂದೂ ಬಳಸದವರಿಗಿಂತ ಶೇಕಡಾ 17ರಷ್ಟು ಕೆಳಗಾದರು. ಉತ್ತರವನ್ನು ಕೊಡದೆ ಸುಳಿವನ್ನು ಮಾತ್ರ ಕೊಡುವಂತೆ, ಉಪಾಧ್ಯಾಯರ ಸಲಹೆಯಿಂದ ತಿದ್ದಿದ ಯಂತ್ರವನ್ನು ಬಳಸಿದವರಿಗೆ ಆ ನಷ್ಟವು ಬಹುತೇಕ ಆಗಲಿಲ್ಲ. ಶಿಷ್ಯನು ತಡವರಿಸಿದಾಗ ಮೊದಲಕ್ಷರವನ್ನು ಮಾತ್ರ ನುಡಿದು ಸುಮ್ಮನಾಗುತ್ತಿದ್ದ ನಮ್ಮ ಗುರುಗಳಿಗೆ ಇದು ತಿಳಿದಿದ್ದಿತು.

ಇನ್ನೊಂದು ಮಾತನ್ನು ಬಿಡಬಾರದು. ನಮ್ಮ ಶಾಲೆಗಳಲ್ಲಿ ಕಣ್ಣು ಕಾಣದ ಮಕ್ಕಳೂ ಓದುತ್ತಿದ್ದಾರೆ. ತೆರೆಯ ಮೇಲಿನ ಅಕ್ಷರವನ್ನು ಓದಿಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವು 2006ರಿಂದಲೂ ಬೆಲೆಯಿಲ್ಲದೆ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಇಲ್ಲಿ ಯಂತ್ರವು ಕೋಲೋ ಕತ್ತೆಯೋ ಎಂಬ ವಾದಕ್ಕೆ ಎಡೆಯೇ ಇಲ್ಲ. ಪಕ್ಕದವನು ಓದಿ ಹೇಳಲೆಂದು ಕಾಯುತ್ತಿದ್ದ ಮಗುವು ತಾನೇ ಓದುವುದು. ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಹಣದ ಬಾಬೂ ಇದೇ. ಆದರೆ ಇದನ್ನು ಮಾರಲು ಯಾರೂ ಬರುವುದಿಲ್ಲವಾದುದರಿಂದ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ.

ಆದಕಾರಣ ನನ್ನ ಸೂಚನೆಯು ಹೀಗಿದೆ. ಕೋಣೆಕೋಣೆಗೆ ಬೆಳಕಿನ ಹಲಗೆ ಬೇಡ. ಶಾಲೆಗೆ ಒಂದೆರಡು ಪ್ರೊಜೆಕ್ಟರುಗಳಿರಲಿ, ಬೇಕಾದ ಉಪಾಧ್ಯಾಯನು ಬೇಕಾದ ದಿನ ಒಯ್ಯಲಿ. ಪಠ್ಯಪುಸ್ತಕಗಳಲ್ಲಿ ಮುದ್ರಿಸಿರುವ ಚೌಕದ ಗುರುತುಗಳ ಮೂಲಕ ಸರಕಾರದ ದೀಕ್ಷಾ ಭಂಡಾರದಿಂದ ಚಿತ್ರಗಳೂ ಪಾಠಗಳೂ ಹಣವಿಲ್ಲದೆ ದೊರೆಯುತ್ತಿರುವಾಗ ಅವನ್ನೇ ಬೆಲೆಕೊಟ್ಟು ಕೊಳ್ಳಬಾರದು. ಹಿಂದುಳಿದ ಮಕ್ಕಳಿಗಾಗಿ ಸಂಜೆಯ ಹೊತ್ತು ನಡೆಯುವ ಗಣಿತದ ಅಭ್ಯಾಸಕೋಣೆಯನ್ನು ಎರಡು ಶಾಲೆಗಳಲ್ಲಿ ಮಾತ್ರ ಒಂದು ವರ್ಷ ನಡೆಸಿ, ಅಂಥ ಕೋಣೆಯಿಲ್ಲದ ಎರಡು ಶಾಲೆಗಳ ಮಕ್ಕಳೊಡನೆ ಹೋಲಿಸಿ ನೋಡೋಣ. ಒಟ್ಟು ಮೊತ್ತದಲ್ಲಿ ಮೂರರಲ್ಲಿ ಒಂದು ಪಾಲನ್ನು ರಿಪೇರಿಗೂ, ವಿದ್ಯುತ್ತು ಹೋದಾಗಿನ ಏರ್ಪಾಡಿಗೂ, ಉಪಾಧ್ಯಾಯರ ತರಬೇತಿಗೂ ಮೊದಲೇ ತೆಗೆದಿಡಬೇಕು. ಬೇಸಗೆಯಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಮಕ್ಕಳ ಹೆಸರು, ಅಂಕ, ಮನೆಯ ಫೋನಿನ ಸಂಖ್ಯೆಗಳನ್ನು ತನ್ನ ಬೊಕ್ಕಸಕ್ಕೆ ಒಯ್ಯುವ ಯಾವ ಕಂಪೆನಿಯ ಕರಾರಿಗೂ ತಾಯಿತಂದೆಗಳ ಒಪ್ಪಿಗೆಯಿಲ್ಲದೆ ರುಜು ಹಾಕಬಾರದು. ಮಾಳಿಗೆಯ ರಿಪೇರಿಯನ್ನು ಕೇಳಿದವರ ಮಾತೂ ನ್ಯಾಯವಾದುದೇ. ಸೋರುವ ಕೋಣೆಯಲ್ಲಿ ಕಂಪ್ಯೂಟರನ್ನು ಇಡುವುದಾದರೂ ಹೇಗೆ?

ಇದೆಲ್ಲಕ್ಕೂ ಮೊದಲು ಉಪಾಧ್ಯಾಯರನ್ನು ಕೇಳಬೇಕು. ಈವರೆಗೆ ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಮುಂದಿನ ತಿಂಗಳು ವಿದ್ಯಾಸಂಘದ ಸಭೆ ಸೇರುವುದರೊಳಗಾಗಿ, ನೀವು ಒಬ್ಬೊಬ್ಬರೂ ಒಂದೊಂದು ಚೀಟಿಯಲ್ಲಿ, ನಿಮ್ಮ ಪಾಠದಲ್ಲಿ ಮಕ್ಕಳು ಪ್ರತಿವರ್ಷವೂ ಎಡವುವ ಜಾಗ ಯಾವುದೆಂಬುದನ್ನು ಮಾತ್ರ ಬರೆದುಕೊಡಿರಿ. ಯಂತ್ರದ ಹೆಸರನ್ನು ಬರೆಯುವುದು ಬೇಡ. ಆ ಚೀಟಿಗಳನ್ನು ಪಾಠಶಾಲೆಯ ಕಚೇರಿಯಲ್ಲಿ ನಾನೇ ಇಸಿದುಕೊಂಡು, ಸನ್ನಿಧಾನಂಗಳವರ ಅಪ್ಪಣೆಯಂತೆ ಸಭೆಯ ಮುಂದಿಡುವೆನು.